ಮೊಟ್ಟೆಗೂ ಸಾರಿಗೂ ಒಂದೇ ಕೋಳಿ

ಗೋರೆಗಾಂವ್ ಪೂರ್ವದ ಆರೇ ಕಾಲೊನಿ ಎಂದರೆ ಮುಂಬಯಿಯವರಿಗೆ ನೆನಪಾಗುವುದು 1949ರಲ್ಲಿ ಶುರುವಾದ ಎಮ್ಮೆ ತಬೇಲೆಗಳು, ಈಚೆಗಾದರೆ ಮೆಟ್ರೊ ಕಾರ್‌ಶೆಡ್ ಗಲಾಟೆ. ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯ ಪಶ್ಚಿಮ ವಲಯ ಕೇಂದ್ರ ಇರುವುದೂ ಅಲ್ಲೇ. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಮುಂಬಯಿ, ಬೆಂಗಳೂರು, ಭುವನೇಶ್ವರ ಮುಂತಾದ ಕಡೆ ಸರ್ಕಾರಿ ಕೋಳಿ ಫಾರಂಗಳು ತೆರೆದುಕೊಂಡವು. ಬಿಳಿ ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್‌ನಂಥ ಸೀಮೆ ಕೋಳಿಗಳು ಬಂದವು. ಲೆಗ್‌ಹಾರ್ನ್ ಮೊಟ್ಟೆಯಲ್ಲಿ ಧಾರಾಳಿ, ಮಾಂಸದಲ್ಲಿ ಜುಗ್ಗ. ಕೆಂಪು ಕೋಳಿ ಎರಡಕ್ಕೂ ಆಯಿತು.

ಆ ಕೆಂಪು ಕೋಳಿ ಪೂರ್ತಿ ಪರದೇಶಿಯೂ ಅಲ್ಲ. 19ನೆಯ ಶತಮಾನದಲ್ಲಿ ಅಮೆರಿಕದ ಲಿಟ್ಲ್ ಕಾಂಪ್ಟನ್ ಸುತ್ತಿನ ರೈತರು ಏಷ್ಯಾ ಮೂಲದ ಕೆಂಪು ಮಲಯ ಹುಂಜಗಳನ್ನು ತಮ್ಮ ಹೇಂಟೆಗಳ ಜೊತೆ ಬಿಟ್ಟು ಬೆಳೆಸಿದ ತಳಿ ಅದು. ಮಾನ್ಯತೆ ಸಿಕ್ಕಿದ್ದು 1904ರಲ್ಲಿ. ಅತ್ತ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ನಮ್ಮ ಕಾಳಗದ ಅಸೀಲ್ ಹುಂಜದಿಂದ ಕಾರ್ನಿಷ್ ತಳಿ ಹುಟ್ಟಿತು. ಇವತ್ತಿನ ಬ್ರಾಯ್ಲರ್‌ಗೆ ತುಂಬಿದ ಎದೆ ಬಂದದ್ದು ಅದರಿಂದ. ಅಂಕದ ಹುಂಜದ ವಂಶ ಹೀಗೆ ಆರು ವಾರಕ್ಕೇ ಸಾರಾಗುತ್ತದೆಂದರೆ ತುಳುನಾಡಿನವರಿಗೆ ಬೇಸರವಾದೀತು.

ಹಿತ್ತಲಿಗೆ ಹೊಂದುವ ಕೋಳಿಯನ್ನು ಕನ್ನಡನಾಡು ಕಂಡುಕೊಂಡದ್ದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. 1980ರ ದಶಕದ ಕೊನೆಗೆ ಅಲ್ಲಿಂದ ಗಿರಿರಾಜ ಬಂತು. ನಾಟಿ ಕೋಳಿ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಇದು 130-150 ಇಡುತ್ತದೆ. ಹುಂಜ ಮೂರು ಕಿಲೊ ದಾಟುತ್ತದೆ. ಸೊಪ್ಪು, ಹುಳ, ಅಡುಗೆಮನೆಯ ಉಳಿಕೆ ಯಾವುದಕ್ಕೂ ಇಲ್ಲವೆನ್ನದು. ಆಮೇಲೆ ಮೊಟ್ಟೆ ಇನ್ನೂ ಹೆಚ್ಚಿಡುವ ಸ್ವರ್ಣಧಾರಾ ಬಂತು. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ.

ವಸಯಿ, ವಿರಾರ್, ಬದ್ಲಾಪುರದ ಕಡೆ ಅಂಗಳವಿರುವ ನಮ್ಮವರು ಊರಿನಿಂದ ಮರಿ ತಂದು ಎಡವುವುದು ಒಂದೇ ಕಡೆ. ಗಿರಿರಾಜ ಹೇಂಟೆ ಕಾವಿಗೆ ಕೂರುವುದಿಲ್ಲ. ಮಿಶ್ರತಳಿಯಾದ್ದರಿಂದ ಅದರ ಮೊಟ್ಟೆ ಒಡೆದು ಬಂದ ಮರಿಗಳು ತಾಯಿಯ ಹಾಗೆ ಬೆಳೆಯುವುದೂ ಇಲ್ಲ: ಒಂದು ದಪ್ಪ, ಒಂದು ಬಡಕಲು. ಪ್ರತಿ ಸಲವೂ ಹೊಸ ಮರಿ ಕೊಳ್ಳಬೇಕು.

ಮನೆಯಲ್ಲೇ ವಂಶ ಬೆಳೆಸಬೇಕೆಂದರೆ ರೋಡ್ ಐಲೆಂಡ್ ರೆಡ್ ಅಥವಾ ಗಟ್ಟಿ ನಾಟಿಯೇ ಸರಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಅದನ್ನು ಬೇರೆ ಮನೆಯಿಂದ ತನ್ನಿ, ಒಡಹುಟ್ಟಿದವನನ್ನೇ ಇಟ್ಟುಕೊಂಡರೆ ಮರಿಗಳು ಕುಗ್ಗುತ್ತವೆ. ಹೇಂಟೆಯನ್ನು ಬಣ್ಣ ನೋಡಿ ಆರಿಸಬೇಡಿ. ಎತ್ತಿಕೊಂಡು ಗುದದ ಬಳಿಯ ಎರಡು ಎಲುಬುಗಳ ನಡುವೆ ಬೆರಳಿಟ್ಟು ನೋಡಿ: ಎರಡು ಮೂರು ಬೆರಳು ಹಿಡಿಸಿ, ಜುಟ್ಟು ಕೆಂಪಗೆ ಮೆತ್ತಗಿದ್ದರೆ ಅದು ಮೊಟ್ಟೆಯಿಡುತ್ತಿರುವ ಕೋಳಿ, ಒಂದೇ ಬೆರಳು ಹೋದರೆ ಸದ್ಯಕ್ಕೆ ನಿಲ್ಲಿಸಿದೆ. ಮರಿ ಮಾಡಿಸಲು ವಾರದೊಳಗಿನ ಮೊಟ್ಟೆಗಳನ್ನೇ ನಾಟಿ ಹೇಂಟೆಯ ಕೆಳಗಿಡಿ. 21 ದಿನ ಅದರದೇ ಹೊಣೆ.

ಮುಂಬಯಿಯ ಮಳೆಗಾಲದಲ್ಲಿ ಒದ್ದೆ ನೆಲ ಕೋಳಿಗೆ ಶತ್ರು. ಗೂಡು ನೆಲದಿಂದ ಎತ್ತರದಲ್ಲಿರಲಿ. ಕೊಕ್ಕರೆ ರೋಗದ ಲಸಿಕೆಯನ್ನು ಮೊದಲ ವಾರದಲ್ಲೇ ಹಾಕಿಸಿ. ಸೊಸೈಟಿಯಲ್ಲಿ ಇರುವವರಂತೂ ಹುಂಜ ತರುವ ಮೊದಲು ಪಕ್ಕದ ಮನೆಯವರನ್ನು ಕೇಳಿ. ಮೊಟ್ಟೆಯಷ್ಟೇ ಸಾಕು ಎನ್ನುವವರಿಗೆ ಹುಂಜದ ಅಗತ್ಯವೇ ಇಲ್ಲ.