ಮಿತ್ರನ ಅಂಗಳದಲ್ಲಿ ಆಸ್ಟ್ರೇಲಿಯಾದ ಜಲಾಂತರ್ಗಾಮಿ

ರಕ್ಷಣಾ ಒಪ್ಪಂದಗಳು ಪ್ರಕಟವಾಗುವ ದಿನ ಕಾಣುವುದು ನಾಯಕರ ನಗುಮುಖಗಳು. ಲೆಕ್ಕಪತ್ರ ಕಾಣುವುದು ವರ್ಷಗಳ ನಂತರ. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜೋ ಬೈಡನ್, ಬ್ರಿಟನ್ನಿನ ಬೋರಿಸ್ ಜಾನ್ಸನ್ ಮತ್ತು ಆಸ್ಟ್ರೇಲಿಯಾದ ಸ್ಕಾಟ್ ಮಾರಿಸನ್ ಒಟ್ಟಾಗಿ ‘ಆಕಸ್’ ಕೂಟವನ್ನು ಘೋಷಿಸಿದರು. ಆಸ್ಟ್ರೇಲಿಯಾಕ್ಕೆ ಪರಮಾಣು ಚಾಲಿತ ಜಲಾಂತರ್ಗಾಮಿ ನೌಕೆಗಳನ್ನು ಒದಗಿಸುವುದೇ ಅದರ ತಿರುಳು. ಆ ಮೂವರೂ ಅಧಿಕಾರದಿಂದ ನಿರ್ಗಮಿಸಿದ್ದಾರೆ. ಅವರು ಹೊರಿಸಿದ ಹೊಣೆ ಮಾತ್ರ 2050ರ ದಶಕದವರೆಗೆ ಚಾಚಿಕೊಂಡಿದೆ.

ಈ ಬಯಕೆಯೇ ತಪ್ಪೆಂದು ನಾನು ಹೇಳಲಾರೆ. ಡೀಸೆಲ್-ವಿದ್ಯುತ್ ಜಲಾಂತರ್ಗಾಮಿಯು ಬ್ಯಾಟರಿ ತುಂಬಿಸಿಕೊಳ್ಳಲು ಆಗಾಗ ನೀರಿನ ಮೇಲ್ಮೈ ಸಮೀಪಕ್ಕೆ ಬರಲೇಬೇಕು. ಶತ್ರುವಿನ ಕಣ್ಣಿಗೆ ಬೀಳುವುದು ಆಗಲೇ. ಪರಮಾಣು ನೌಕೆಗೆ ಆ ತೊಡಕಿಲ್ಲ. ಅದರ ಸಂಚಾರಕ್ಕೆ ಮಿತಿ ಹಾಕುವುದು ಇಂಧನವಲ್ಲ, ಸಿಬ್ಬಂದಿಯ ಆಹಾರ ದಾಸ್ತಾನು. ಪರ್ತ್‌ನಿಂದ ದಕ್ಷಿಣ ಚೀನಾ ಸಮುದ್ರದವರೆಗಿನ ದೂರವನ್ನೂ ಚೀನಾದ ನೌಕಾಪಡೆ ಬೆಳೆಯುತ್ತಿರುವ ವೇಗವನ್ನೂ ಗಮನಿಸಿದರೆ, ವ್ಯಾಪಾರಕ್ಕೆ ಸಮುದ್ರವನ್ನೇ ನಂಬಿದ ದೇಶವೊಂದು ಇಂಥ ನೌಕೆಯನ್ನು ಬಯಸುವುದು ಸಹಜ. ಇದಕ್ಕಾಗಿ ಅದು ಫ್ರಾನ್ಸ್‌ನೊಂದಿಗಿನ 12 ಸಾಂಪ್ರದಾಯಿಕ ನೌಕೆಗಳ ಒಪ್ಪಂದವನ್ನು ಮುರಿಯಿತು. ಫ್ರಾನ್ಸ್ ತನ್ನ ರಾಯಭಾರಿಗಳನ್ನು ವಾಷಿಂಗ್ಟನ್ ಮತ್ತು ಕ್ಯಾನ್‌ಬೆರಾಗಳಿಂದ ಹಿಂದಕ್ಕೆ ಕರೆಸಿಕೊಂಡಿತು. 2022ರಲ್ಲಿ ನೇವಲ್ ಗ್ರೂಪ್ ಕಂಪನಿಗೆ 55.5 ಕೋಟಿ ಯೂರೊ ಪರಿಹಾರವನ್ನೂ ತೆರಬೇಕಾಯಿತು. ಒಂದೂ ನೌಕೆ ನೀರಿಗಿಳಿಯುವ ಮುನ್ನವೇ ತೆತ್ತ ಬೆಲೆಯಿದು.

2023ರ ಮಾರ್ಚ್‌ನಲ್ಲಿ ಸ್ಯಾನ್ ಡಿಯೆಗೊದಲ್ಲಿ ಪೂರ್ಣ ಯೋಜನೆ ಬಹಿರಂಗವಾಯಿತು. ಅದರ ಪ್ರಕಾರ 2030ರ ದಶಕದ ಆರಂಭದಿಂದ ಅಮೆರಿಕ ಮೂರು ವರ್ಜೀನಿಯಾ ದರ್ಜೆಯ ನೌಕೆಗಳನ್ನು ಮಾರಬೇಕು. ಅಗತ್ಯ ಬಿದ್ದರೆ ಇನ್ನೆರಡು. ಬ್ರಿಟನ್ ಜತೆ ಸೇರಿ ರೂಪಿಸುವ ಹೊಸ ನೌಕೆಗಳನ್ನು ಅಡಿಲೇಡ್‌ನ ಆಸ್ಬರ್ನ್‌ನಲ್ಲಿ ನಿರ್ಮಿಸಿ 2040ರ ದಶಕದ ಆರಂಭದಿಂದ ಸೇವೆಗೆ ಸೇರಿಸಬೇಕು. ಅಂದಾಜು ವೆಚ್ಚ 26,800 ಕೋಟಿಯಿಂದ 36,800 ಕೋಟಿ ಆಸ್ಟ್ರೇಲಿಯನ್ ಡಾಲರ್. ಸುಮಾರು 2.7 ಕೋಟಿ ಜನಸಂಖ್ಯೆಯ ದೇಶಕ್ಕೆ ಇದು ಸಣ್ಣ ಹೊರೆಯಲ್ಲ.

ಆದರೆ ಹಣವೇ ಇಲ್ಲಿ ದೊಡ್ಡ ತೊಡಕೆಂದು ನನಗನ್ನಿಸುವುದಿಲ್ಲ. ತೊಡಕಿರುವುದು ಅಮೆರಿಕದ ಹಡಗುಕಟ್ಟೆಗಳಲ್ಲಿ. ತನ್ನ ನೌಕಾಪಡೆಯ ಅಗತ್ಯವನ್ನೂ ಆಸ್ಟ್ರೇಲಿಯಾದ ಬೇಡಿಕೆಯನ್ನೂ ಪೂರೈಸಲು ಅಮೆರಿಕ ವರ್ಷಕ್ಕೆ ಸರಾಸರಿ 2.33 ವರ್ಜೀನಿಯಾ ನೌಕೆಗಳನ್ನು ಕಟ್ಟಬೇಕು. ಈಚಿನ ವರ್ಷಗಳಲ್ಲಿ ಅದು ಕಟ್ಟಿರುವುದು ಸರಾಸರಿ 1.2ರ ಆಸುಪಾಸು. ನುರಿತ ಬೆಸುಗೆಗಾರರ ಕೊರತೆ, ಬಿಡಿಭಾಗ ಪೂರೈಸುವ ಕಂಪನಿಗಳ ಅಭಾವ ಒಂದೆರಡು ಬಜೆಟ್‌ಗಳಲ್ಲಿ ನೀಗುವಂಥವಲ್ಲ. ಅಲ್ಲಿನ ಕಾರ್ಖಾನೆಗಳನ್ನು ಬಲಪಡಿಸಲು ಆಸ್ಟ್ರೇಲಿಯಾ 300 ಕೋಟಿ ಡಾಲರ್ ನೀಡಲು ಒಪ್ಪಿ, 2025ರ ಫೆಬ್ರುವರಿಯಲ್ಲಿ 50 ಕೋಟಿ ಡಾಲರಿನ ಮೊದಲ ಕಂತನ್ನು ಪಾವತಿಸಿತು. ಕೊಳ್ಳುವವನೇ ಮಾರುವವನ ಕುಲುಮೆಗೆ ಇದ್ದಿಲು ಸುರಿಯಬೇಕಾದ ಸ್ಥಿತಿ ಇದು.

ಅಷ್ಟಾದರೂ ಕೀಲಿಕೈ ಯಾರ ಬಳಿ ಇದೆ? ಹಸ್ತಾಂತರದಿಂದ ತಮ್ಮ ಜಲಾಂತರ್ಗಾಮಿ ಬಲಕ್ಕೆ ಕುಂದುಂಟಾಗದು ಎಂದು ಅಮೆರಿಕದ ಅಧ್ಯಕ್ಷರು 270 ದಿನ ಮುಂಚಿತವಾಗಿ ಸಂಸತ್ತಿಗೆ ಪ್ರಮಾಣೀಕರಿಸಬೇಕೆಂದು ಅಲ್ಲಿನ ಕಾನೂನೇ ವಿಧಿಸಿದೆ. ತಮ್ಮ ನೌಕಾಪಡೆಗೇ ನೌಕೆಗಳು ಸಾಲದಿರುವಾಗ, ಸಂಘರ್ಷದ ಕಾರ್ಮೋಡ ಕವಿದಿರುವಾಗ, ಯಾವ ಅಧ್ಯಕ್ಷರು ಆ ಮಾತಿಗೆ ಸಹಿ ಹಾಕಿಯಾರು? 2025ರ ಜೂನ್‌ನಲ್ಲಿ ಟ್ರಂಪ್ ಆಡಳಿತವು ಇಡೀ ಒಪ್ಪಂದವನ್ನು ಮರುಪರಿಶೀಲನೆಗೆ ಒಳಪಡಿಸಿದಾಗ ಕ್ಯಾನ್‌ಬೆರಾ ತಿಂಗಳುಗಟ್ಟಲೆ ಉಸಿರು ಬಿಗಿಹಿಡಿದು ಕಾಯಬೇಕಾಯಿತು. ಅಕ್ಟೋಬರ್‌ನಲ್ಲಿ ಟ್ರಂಪ್ ಅವರು ಪ್ರಧಾನಿ ಆಂಟನಿ ಆಲ್ಬನೀಸ್ ಅವರಿಗೆ ಅಭಯವನ್ನೇನೋ ನೀಡಿದರು. ಆದರೆ ಒಬ್ಬ ಅಧ್ಯಕ್ಷರ ಅಭಯ ಮುಂದಿನವರನ್ನು ಕಟ್ಟಿಹಾಕದು.

ಬ್ರಿಟನ್ನಿನ ಸ್ಥಿತಿಯೂ ಭಿನ್ನವಲ್ಲ. ಅಲ್ಲಿನ ಬ್ಯಾರೋ ಹಡಗುಕಟ್ಟೆ ಮೊದಲು ಸ್ವದೇಶದ ಡ್ರೆಡ್‌ನಾಟ್ ಕ್ಷಿಪಣಿ ನೌಕೆಗಳ ಕೆಲಸ ಮುಗಿಸಬೇಕು. ನಿವೃತ್ತಗೊಳಿಸಿದ ಇಪ್ಪತ್ತಕ್ಕೂ ಹೆಚ್ಚು ಪರಮಾಣು ಜಲಾಂತರ್ಗಾಮಿಗಳು ಡೆವನ್‌ಪೋರ್ಟ್ ಮತ್ತು ರೊಸೈತ್‌ಗಳಲ್ಲಿ ಶೇಖರಗೊಂಡಿವೆ. ಅವುಗಳಲ್ಲಿ ಹಿರಿಯದು ಸೇವೆಯಿಂದ ಹೊರಬಂದದ್ದು 1980ರಲ್ಲಿ! ಅರುವತ್ತು ವರ್ಷಗಳ ಅನುಭವವಿರುವ ದೇಶದ ಪಾಡೇ ಹೀಗಿರುವಾಗ, ಒಂದೇ ಒಂದು ಪರಮಾಣು ವಿದ್ಯುತ್ ಸ್ಥಾವರವೂ ಇಲ್ಲದ, ಕಾನೂನಿನಲ್ಲೇ ಅದನ್ನು ನಿಷೇಧಿಸಿರುವ ಆಸ್ಟ್ರೇಲಿಯಾ ತ್ಯಾಜ್ಯವನ್ನು ಎಲ್ಲಿ ಇರಿಸೀತು? ಮುಚ್ಚಿ ಬೆಸೆದ ರಿಯಾಕ್ಟರ್‌ಗೆ ಮೂರು ದಶಕ ಇಂಧನ ತುಂಬಬೇಕಿಲ್ಲ, ನಿಜ. ಆದರೆ ಬಳಸಿ ಮುಗಿದ ಮೇಲೆ ಉಳಿಯುವ, ಬಾಂಬಿಗೆ ಒದಗುವ ಮಟ್ಟದ ಯುರೇನಿಯಂ ಅದರ ಹೊಣೆಯೇ. ಪರಮಾಣು ಅಸ್ತ್ರವಿಲ್ಲದ ರಾಷ್ಟ್ರವೊಂದಕ್ಕೆ ಇಂಥ ಇಂಧನ ದೊರೆತರೆ ನಾಳೆ ಇನ್ನೊಂದು ರಾಷ್ಟ್ರ ಇದನ್ನೇ ಮೇಲ್ಪಂಕ್ತಿಯಾಗಿ ತೋರಿಸದೇ? ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗೆ ಇದು ಹೊಸ ತಲೆನೋವು.

ಇನ್ನು ಜನರ ಪ್ರಶ್ನೆ. ಈಗಿರುವ ಕಾಲಿನ್ಸ್ ದರ್ಜೆಯ ನೌಕೆಗೆ ಅರುವತ್ತಕ್ಕೂ ಕಡಿಮೆ ಸಿಬ್ಬಂದಿ ಸಾಕು. ವರ್ಜೀನಿಯಾಕ್ಕೆ 130ಕ್ಕೂ ಹೆಚ್ಚು ಮಂದಿ ಬೇಕು. ರಿಯಾಕ್ಟರ್ ನಿರ್ವಹಿಸಬಲ್ಲ ಎಂಜಿನಿಯರ್ ಒಂದೆರಡು ವರ್ಷಗಳಲ್ಲಿ ತಯಾರಾಗುವವನಲ್ಲ.

ಇಲ್ಲಿ ನಮ್ಮ ಅನುಭವವನ್ನು ನೆನೆಯುವುದು ಉಚಿತ. ಭಾರತ 1988ರಲ್ಲಿ ಸೋವಿಯತ್ ಒಕ್ಕೂಟದಿಂದ ‘ಚಕ್ರ’ ನೌಕೆಯನ್ನು ಮೂರು ವರ್ಷ ಗುತ್ತಿಗೆಗೆ ಪಡೆಯಿತು. 2012ರಲ್ಲಿ ರಷ್ಯಾದಿಂದ ಅದೇ ಹೆಸರಿನ ಇನ್ನೊಂದನ್ನು ಪಡೆದು 2021ರಲ್ಲಿ ಹಿಂದಿರುಗಿಸಿತು. ಎರವಲು ನೌಕೆ ನಮಗೆ ಪಾಠಶಾಲೆಯಾಗಿತ್ತೇ ಹೊರತು ನೌಕಾಬಲದ ಆಧಾರಸ್ತಂಭ ಆಗಿರಲಿಲ್ಲ. ಅದರ ಜತೆಜತೆಗೇ ಕಲ್ಪಾಕ್ಕಂನಲ್ಲಿ ಮಾದರಿ ರಿಯಾಕ್ಟರ್, ಮೈಸೂರಿನ ಹೊರವಲಯದ ರೇರ್ ಮೆಟೀರಿಯಲ್ಸ್ ಘಟಕದಲ್ಲಿ ಯುರೇನಿಯಂ ಪುಷ್ಟೀಕರಣ, ವಿಶಾಖಪಟ್ಟಣದಲ್ಲಿ ನೌಕಾ ನಿರ್ಮಾಣ ಸಾಗಿದವು. 2009ರಲ್ಲಿ ನೀರಿಗಿಳಿದ ‘ಅರಿಹಂತ್’ ಸೇವೆಗೆ ಸೇರಲು 2016 ಬರಬೇಕಾಯಿತು. ನಮ್ಮ ದಾರಿ ನಿಧಾನದ್ದು, ವಿಳಂಬಗಳಿಂದ ಕೂಡಿದ್ದು. ಪರಮಾಣು ಅಸ್ತ್ರದ ಹಾದಿ ಹಿಡಿದ ದೇಶವಾದ್ದರಿಂದ ಅದು ನಮಗೆ ತೆರೆದಿತ್ತು. ಅದನ್ನೇ ಆಸ್ಟ್ರೇಲಿಯಾ ತುಳಿಯಲಿ ಎಂಬುದು ನನ್ನ ವಾದವಲ್ಲ. ಆದರೆ ಕೈಯಲ್ಲಿ ಉಳಿದ ವಿದ್ಯೆ ನಮ್ಮದು ಎಂಬ ಅಂಶ ಗಮನಾರ್ಹ.

ಪರ್ತ್ ಸಮೀಪದ ಸ್ಟರ್ಲಿಂಗ್ ನೆಲೆಯಲ್ಲಿ 2027ರಿಂದ ಅಮೆರಿಕದ ನಾಲ್ಕು ಮತ್ತು ಬ್ರಿಟನ್ನಿನ ಒಂದು ನೌಕೆ ಸರದಿಯಂತೆ ತಂಗುವುದು ಯೋಜನೆಯ ಭಾಗ. ಆಸ್ಟ್ರೇಲಿಯಾದ ಸ್ವಂತ ನೌಕೆಗಳು ಬಾರದೇ ಹೋದರೂ ಮಿತ್ರರ ನೌಕೆಗಳಿಗೆ ನೆಲೆ ಸಿದ್ಧವಾಗಿರುತ್ತದೆ. ಆಗ ತನ್ನದಲ್ಲದ ಯುದ್ಧದಿಂದ ದೂರ ಉಳಿಯುವ ಸ್ವಾತಂತ್ರ್ಯ ಅದಕ್ಕೆಷ್ಟು ಉಳಿದೀತು? ಮಾಜಿ ಪ್ರಧಾನಿ ಪಾಲ್ ಕೀಟಿಂಗ್ ತಮ್ಮದೇ ಲೇಬರ್ ಪಕ್ಷದ ಸರ್ಕಾರವನ್ನು ಈ ವಿಷಯದಲ್ಲಿ ಕಟುವಾಗಿ ಟೀಕಿಸಿರುವುದು ಅಕಾರಣವಲ್ಲ.

ಒಪ್ಪಂದವನ್ನು ಹರಿದೆಸೆಯಬೇಕೆಂದು ನಾನು ಹೇಳುತ್ತಿಲ್ಲ. ವರ್ಜೀನಿಯಾ ನೌಕೆಗಳು ತಡವಾದರೆ ಅಥವಾ ಬಾರದಿದ್ದರೆ ಏನು ಮಾಡುವುದೆಂಬ ಪರ್ಯಾಯವನ್ನು ಅಲ್ಲಿನ ಸರ್ಕಾರ ಜನರ ಮುಂದಿಡಬೇಕು. 1996ರಿಂದ 2003ರ ನಡುವೆ ಸೇವೆಗೆ ಸೇರಿದ ಆರು ಕಾಲಿನ್ಸ್ ನೌಕೆಗಳ ಆಯಸ್ಸನ್ನು ಹಿಗ್ಗಿಸಿ ಕಾಲ ತಳ್ಳುವುದಕ್ಕೂ ಒಂದು ಮಿತಿಯಿದೆ. ಮೈತ್ರಿ ಕೂಟದಿಂದ ಉಕ್ಕು, ರಿಯಾಕ್ಟರ್, ತರಬೇತಿ ಎಲ್ಲವೂ ದೊರೆಯಬಹುದು. ಕಷ್ಟಕಾಲದ ತೀರ್ಮಾನವನ್ನು ಮಾತ್ರ ಪ್ರತಿ ರಾಷ್ಟ್ರವೂ ಸ್ವಂತ ಬಲದ ಮೇಲೆಯೇ ಕೈಗೊಳ್ಳಬೇಕಾಗುತ್ತದೆ.