ಬಯಲಿಗಿಳಿದ ಬೆಟ್ಟದ ನಾಡು

ಟಿಬೆಟ್ಟೆಂಬ ಬೌದ್ಧರ ಬೆಟ್ಟದ ನಾಡನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ನಮ್ಮ ತಾಯಿಯವರ ಬಹುಕಾಲದ ಆಸೆ. ಚಳಿಗಾಲ ಬಂದಿತೆಂದರೆ ಪೇಟೆಯ ಬೀದಿಬದಿಯಲ್ಲಿ ಉಣ್ಣೆಯ ಅಂಗಿಗಳನ್ನು ಹರಡಿಕೊಂಡು ಕುಳಿತಿರುವ ಆ ನಾಡಿನ ಹೆಂಗಸರನ್ನು ನೋಡಿ, “ಇವರ ಊರು ಹೇಗಿರುವುದೋ!” ಎಂದು ಅವರು ಪ್ರತಿ ವರುಷವೂ ಹೇಳುವರು. ಆದರೆ ಲ್ಹಾಸಾ ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 12,000 ಅಡಿ ಎತ್ತರದಲ್ಲಿ. ಅಲ್ಲಿಗೆ ಹೋಗಲು ಚೀನಾ ಸರ್ಕಾರದ ಅಪ್ಪಣೆಯೂ ಬೇಕು. ಎಪ್ಪತ್ತೈದು ದಾಟಿದವರಿಗೆ ಅದು ಆಗುವ ಮಾತಲ್ಲ. ಆದುದರಿಂದ ಆ ನಾಡಿನ ಜನರೇ ಬೆಟ್ಟವಿಳಿದು ಬಂದು ನೆಲಸಿರುವ ಬೈಲುಕುಪ್ಪೆಗೆ ಹೋಗಿಬರುವುದೆಂದು ನಿಶ್ಚಯಿಸಿದೆವು.

ತಿಪಟೂರಿನಿಂದ ಅಲ್ಲಿಗೆ ಸುಮಾರು 150 ಕಿಲೋಮೀಟರು. ಮುಂಜಾನೆ ಹೊರಟರೆ ರಾತ್ರಿಗೆ ಮನೆ ಸೇರಬಹುದು. ನಮ್ಮ ತೋಟವಿರುವುದು ಚಿಕ್ಕನಾಯಕನಹಳ್ಳಿಯ ಕಡೆ. ಕತ್ತಲಿರುವಾಗಲೇ ಕಾರಿನಲ್ಲಿ ಹೊರಟೆವು. ದೇವರ ಬಳಿಗೆ ಬರಿಗೈಯಲ್ಲಿ ಹೋಗಬಾರದೆಂದು ತಾಯಿಯವರು ಐದು ತೆಂಗಿನಕಾಯಿಗಳನ್ನು ಚೀಲದಲ್ಲಿಟ್ಟುಕೊಂಡರು. ತಿಪಟೂರು ದಾಟಿ ನುಗ್ಗೇಹಳ್ಳಿಯಲ್ಲಿ ಇಳಿದು, ಹೊಯ್ಸಳರ ಕಾಲದಲ್ಲಿ, 1246ರಲ್ಲಿ, ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿದೆವು. ಚನ್ನರಾಯಪಟ್ಟಣ ಕಳೆದು, ಹೊಳೆನರಸೀಪುರದಲ್ಲಿ ಹೇಮಾವತಿಯನ್ನು ದಾಟಿ, ಅರಕಲಗೂಡಿನ ಮಾರ್ಗವಾಗಿ ಕುಶಾಲನಗರ ಸೇರುವಷ್ಟರಲ್ಲಿ ತೆಂಗು ವಿರಳವಾಗಿ, ಪಶ್ಚಿಮದಲ್ಲಿ ಕೊಡಗಿನ ಬೆಟ್ಟಗಳು ಕಾಣತೊಡಗಿದವು. ಕಾವೇರಿಯ ಸೇತುವೆಯನ್ನು ದಾಟಿದೊಡನೆಯೇ ಬೈಲುಕುಪ್ಪೆಯ ಸೀಮೆ.

ಈ ಜನರು ಇಲ್ಲಿಗೆ ಬಂದ ಬಗೆಯನ್ನು ವಾಚಕರು ತಿಳಿದಿರುವುದು ಒಳ್ಳೆಯದು. 1959ರಲ್ಲಿ ದಲೈಲಾಮಾ ಅವರು ಲ್ಹಾಸಾವನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಕುಟುಂಬಗಳು ಹಿಮದ ಕಣಿವೆಗಳನ್ನು ದಾಟಿ ಬಂದವು. ಅಂದಿನ ಮೈಸೂರು ಸರ್ಕಾರವು ಇಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಗುತ್ತಿಗೆಗೆ ಕೊಟ್ಟು ಅವರಿಗೆ ನೆಲೆಯನ್ನು ಕಲ್ಪಿಸಿತು. ಜವೆಗೋಧಿಯ ಹುರಿಹಿಟ್ಟುಂಡು ತಂಪಿನಲ್ಲಿ ಬೆಳೆದವರು ಬಿಸಿಲಿನಲ್ಲಿ ಕಾಡು ಕಡಿದರು. ಆನೆಗಳ ಕಾಟವನ್ನು ಸಹಿಸಿದರು. ಮುಸುಕಿನ ಜೋಳವನ್ನು ಬೆಳೆಯಲು ಕಲಿತರು. 1963ರಲ್ಲಿ ಪೆನೋರ್ ರಿನ್‌ಪೋಚೆಯವರು ನಾಮ್‌ಡ್ರೋಲಿಂಗ್ ಮಠವನ್ನು ಸ್ಥಾಪಿಸಿದರು. ಟಿಬೆಟ್ಟಿನ ಪ್ರಸಿದ್ಧವಾದ ಸೆರಾ ವಿದ್ಯಾಪೀಠವೂ ಮುಂದೆ ಇಲ್ಲಿಯೇ ಮರಳಿ ನೆಲೆಗೊಂಡಿತು.

ಜನರು ‘ಗೋಲ್ಡನ್ ಟೆಂಪಲ್’ ಎಂದು ಕರೆಯುವ ದೇಗುಲವಿರುವುದು ನಾಮ್‌ಡ್ರೋಲಿಂಗಿನಲ್ಲಿ. ಅದರ ಪ್ರಾರಂಭೋತ್ಸವವಾದುದು 1999ರಲ್ಲಿ. ಒಳಗೆ ಶಾಕ್ಯಮುನಿ, ಪದ್ಮಸಂಭವ, ಅಮಿತಾಯು ಎಂಬ ಮೂರು ಹೊಂಬಣ್ಣದ ಭವ್ಯ ಮೂರ್ತಿಗಳು. ಗೋಡೆಗಳ ತುಂಬ ವರ್ಣಚಿತ್ರಗಳು. ಕೆಂಪು ವಸ್ತ್ರದ ಭಿಕ್ಷುಗಳು ಸಾಲಾಗಿ ಕುಳಿತು ಗಂಭೀರಸ್ವರದಲ್ಲಿ ಪಠಿಸುವಾಗ ನಮ್ಮ ಮಕ್ಕಳು ಸಹ ಮಾತು ನಿಲ್ಲಿಸಿ ನಿಂತರು. ಇಲ್ಲಿಯೂ ಪ್ರದಕ್ಷಿಣೆ ನಮ್ಮಲ್ಲಿರುವಂತೆ ಬಲಗಡೆಯಿಂದಲೇ. ಆದರೆ ಕಾಯಿ ಒಡೆಯುವ ಪದ್ಧತಿಯಿಲ್ಲ. ತಾಯಿಯವರು ಚೀಲವನ್ನು ಹಿಡಿದು ತುಸು ಪೇಚಿಗೆ ಸಿಕ್ಕಿದರು.

ಹೊರಗೆ ಪ್ರಾರ್ಥನಾಚಕ್ರಗಳ ಬಳಿ ಮುದುಕಿಯೊಬ್ಬರು ಜಪಮಾಲೆ ತಿರುಗಿಸುತ್ತ ಕುಳಿತಿದ್ದರು. ತಾಯಿಯವರು ಪಕ್ಕದಲ್ಲಿಯೇ ಕುಳಿತು, “ಯಾವ ಊರಮ್ಮ ನಿಮ್ಮದು?” ಎಂದರು.

“ಇದೇ ಊರಮ್ಮ,” ಎಂದು ಆಕೆ ಕನ್ನಡದಲ್ಲಿಯೇ ಹೇಳಿದರು. “ಅದಕ್ಕೆ ಮೊದಲಿನದು ಹಿಮದ ಆಚೆ. ನಾನಾಗ ಕೂಸು. ಅಪ್ಪ ಬೆನ್ನ ಮೇಲೆ ಹೊತ್ತು ತಂದರಂತೆ.”

ತಾಯಿಯವರು ಕಾಯಿಗಳನ್ನು ಆಕೆಯ ಮಡಿಲಿಗಿಟ್ಟು, “ನಮ್ಮ ತೋಟದವು,” ಎಂದರು. ಆಕೆ ಒಂದನ್ನು ಕಿವಿಯ ಬಳಿ ಅಲ್ಲಾಡಿಸಿ ನಕ್ಕು, “ಇದನ್ನು ನೆಟ್ಟರೆ ಬರುವುದೇ?” ಎಂದು ಕೇಳಿದರು.

“ಇದು ಸುಲಿದದ್ದು. ನೆಡಲು ಸುಲಿಯದ ಬಿತ್ತನೆಕಾಯಿ ಬೇಕು. ಏಕೆ, ನಿಮ್ಮ ಹಿತ್ತಿಲಲ್ಲಿ ಒಂದು ತೆಂಗೂ ಇಲ್ಲವೇ?”

“ಅಪ್ಪ ಯಾವ ಮರವನ್ನೂ ನೆಡಲಿಲ್ಲ. ಬರುವ ವರುಷ ಊರಿಗೆ ಹೋಗುತ್ತೇವಲ್ಲ ಎಂದು ಜೋಳವನ್ನಷ್ಟೇ ಬಿತ್ತುತ್ತಿದ್ದರು. ಹಾಗೆಂದುಕೊಂಡೇ ಇಲ್ಲಿ ತೀರಿಕೊಂಡರು. ಈಗ ನನ್ನ ಮಗ ವಿದೇಶದಲ್ಲಿದ್ದಾನೆ. ಬಿತ್ತುವುದಕ್ಕೂ ಜನವಿಲ್ಲ.”

ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ. ನಮ್ಮ ತಾತ ನೆಟ್ಟ ತೆಂಗುಗಳು ಈಗಲೂ ಫಲ ಕೊಡುತ್ತಿವೆ. ಆದರೆ ಅವನ್ನು ನೋಡಿಕೊಳ್ಳಬೇಕಾದ ನಾವು ಅಣ್ಣತಮ್ಮಂದಿರು ಬೆಂಗಳೂರಿನಲ್ಲಿದ್ದೇವೆ. “ನಮ್ಮಲ್ಲಿ ಮರವಿದೆ, ಜನವಿಲ್ಲ,” ಎಂದು ಕೊನೆಗೆ ಅವರು ಹೇಳಿದುದು ಆ ಮುದುಕಿಗಿಂತ ಹೆಚ್ಚಾಗಿ ನನಗೇ ತಾಕಿತು.

ಮುಂಗಾರು ಬಂದಾಗ ತಾಯಿಯವರ ಒತ್ತಾಯದಿಂದ ಎರಡು ತೆಂಗಿನ ಸಸಿಗಳನ್ನು ಕಾರಿನಲ್ಲಿಟ್ಟುಕೊಂಡು ಮತ್ತೊಮ್ಮೆ ಅದೇ ದಾರಿಯಲ್ಲಿ ಹೋದೆವು. ಇಬ್ಬರು ವೃದ್ಧೆಯರೂ ನಿಂತು ಗುಂಡಿ ತೋಡಿಸಿ ನೆಡಿಸಿದರು. “ಫಲಕ್ಕೆ ಆರೇಳು ವರುಷವಾಗುವುದು,” ಎಂದು ತಾಯಿಯವರೆಂದರೆ, “ಆಗಲಿ, ಯಾರಾದರೂ ತಿನ್ನುವರು,” ಎಂದು ಆಕೆ ಉತ್ತರವಿತ್ತರು.

ಈ ಪ್ರವಾಸ ನಮ್ಮ ಸೀಮೆಯ ಗೃಹಸ್ಥರಿಗೆ ಸುಲಭವೂ ಅಲ್ಪವ್ಯಯದ್ದೂ ಆಗಿದೆ. ವಿದೇಶೀಯರಿಗೆ ಸರ್ಕಾರದ ಪರವಾನಗಿ ಬೇಕು, ನಮಗೆ ಬೇಡ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಪಠನದ ವೇಳೆಯಲ್ಲಿ ಮೌನವಾಗಿದ್ದರೆ ಸಾಕು. ಮೂರ್ತಿಗಳ ದರ್ಶನವಾದ ಮೇಲೆ, ಹೊರಗೆ ಕುಳಿತಿರುವ ಹಿರಿಯರೊಬ್ಬರೊಡನೆ ಒಂದು ಗಳಿಗೆ ಮಾತನಾಡಿ ಬನ್ನಿರಿ. ನಾವು ಕಾಣದ ಆ ಬೆಟ್ಟದ ನಾಡು ಅವರ ಮಾತಿನಲ್ಲಿದೆ.