ಗಾಡಿ ಯಾವಾಗ ನಿಂತಿತು?

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಹಳದಿ ಬಣ್ಣದ ಒಂದು ರೋಲ್ಸ್ ರಾಯ್ಸ್ ಇದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಮಾಡಿಸಲು ಹೇಳಿ, ಆತ ತೀರಿಕೊಂಡ ಮೇಲೆ ಊರಿಗೆ ಬಂದ 1912ರ ಸಿಲ್ವರ್ ಘೋಸ್ಟ್ ಅದು. ಅದನ್ನು ನೋಡಲು ಜನ ಟಿಕೆಟ್ ಕೊಂಡು ಒಳಗೆ ಹೋಗುತ್ತಾರೆ. ಅರಮನೆಯ ಹೊರಗೆ, ಬಿಸಿಲು ಧೂಳಿನ ನಡುವೆ ಇನ್ನೂ ಓಡಾಡುವ ಹಳೆಯ ಕಾರುಗಳ ಬದುಕು ಬೇರೆ. ಹಳೆಯ ಪೆಟ್ರೋಲ್ ಅಂಬಾಸಡರ್, ಮುಂಬೈನ ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ಹಳೆಯ ಗಾಡಿಗಳು, ಎಲ್ಲಕ್ಕೂ ಪೆಟ್ರೋಲ್ ಉಣಿಸುವುದು ಕಾರ್ಬ್ಯುರೇಟರ್. ಗಾಡಿ ಮಿಸ್ಸಿಂಗ್ ಹೊಡೆದರೂ, ಪಿಕಪ್ ಹೋದರೂ, ಸಿಗ್ನಲ್‌ನಲ್ಲಿ ಆಫ್ ಆದರೂ ಮೊದಲು ಬೈಸಿಕೊಳ್ಳುವುದು ಅದೇ. ಆದರೆ ಅದನ್ನು ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ತೊಂದರೆ ಯಾವಾಗ ಬರುತ್ತದೆ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ರಿಪೇರಿ ಆದಂತೆಯೇ. ಇದನ್ನು ಕೇಳದೆ ಸ್ಕ್ರೂಡ್ರೈವರ್ ಹಿಡಿದರೆ ಇಲ್ಲದ ರೋಗವೂ ಬಂದು ಅಂಟಿಕೊಳ್ಳುತ್ತದೆ.

ಹೀಗೆನ್ನಲು ಕಾರಣ ಕಾರ್ಬ್ಯುರೇಟರಿನ ರಚನೆಯಲ್ಲೇ ಇದೆ. ಎಂಜಿನ್ ಒಳಕ್ಕೆ ಎಳೆದುಕೊಳ್ಳುವ ಗಾಳಿ ವೆಂಚುರಿ ಎಂಬ ಕಿರಿದಾದ ಕುತ್ತಿಗೆಯಲ್ಲಿ ವೇಗವಾಗಿ ಹರಿಯುತ್ತದೆ. ಅಲ್ಲಿ ಒತ್ತಡ ತಗ್ಗುವುದರಿಂದ ಪಕ್ಕದ ಬಟ್ಟಲಿನ ಪೆಟ್ರೋಲ್ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಮೇಲೆದ್ದು ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಎಂಜಿನ್ನಿನ ಹಸಿವು ಮಾತ್ರ ಎಲ್ಲ ಹೊತ್ತಿನಲ್ಲೂ ಒಂದೇ ಸಮ ಇರುವುದಿಲ್ಲ. ಅದಕ್ಕಾಗಿ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ದಾರಿಗಳಿವೆ. ಬೆಳಗಿನ ತಣ್ಣನೆಯ ಎಂಜಿನ್ನಿಗೆ ಚೋಕ್, ನಿಂತಲ್ಲೇ ಸ್ಲೋ ಓಡುವಾಗ ಪೈಲಟ್ ಜೆಟ್, ತಟ್ಟನೆ ರೇಸ್ ಕೊಟ್ಟಾಗ ಒಂದು ಗುಟುಕು ಹೆಚ್ಚು ಪೆಟ್ರೋಲ್ ಚಿಮ್ಮಿಸಲು ಆಕ್ಸಿಲರೇಟರ್ ಪಂಪ್, ಹೆದ್ದಾರಿಯ ಓಟಕ್ಕೆ ಮೇನ್ ಜೆಟ್. ಇವೆಲ್ಲಕ್ಕೂ ಪೆಟ್ರೋಲ್ ಮಟ್ಟ ಕಾಯುವುದು ಫ್ಲೋಟ್ ಮತ್ತು ಅದರ ಸೂಜಿ ವಾಲ್ವ್. ಹಾಗಾಗಿ ತೊಂದರೆ ಬಂದ ಹೊತ್ತೇ ತೊಂದರೆಯ ಜಾಗವನ್ನೂ ಹೇಳುತ್ತದೆ. ಸ್ಲೋನಲ್ಲಿ ನಿಲ್ಲದ ಗಾಡಿ ಜಹೀರಾಬಾದ್ ದಾಟಿ ಬೀದರಿನವರೆಗೆ ಸಲೀಸಾಗಿ ಓಡಿದರೆ ಮೇನ್ ಜೆಟ್ ಮೇಲೆ ಅನುಮಾನಪಡಬೇಕಿಲ್ಲ, ಪೈಲಟ್ ಜೆಟ್ ನೋಡಬೇಕು. ಸ್ಲೋ ಚೆನ್ನಾಗಿದ್ದು ರೇಸ್ ಕೊಟ್ಟ ಕ್ಷಣ ಮುಗ್ಗರಿಸಿದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಂ ಹರಿದಿರಬಹುದು. ಎರಡೂ ಸರಿಯಿದ್ದು ಏರು ಹತ್ತುವಾಗ ಉಸಿರುಗಟ್ಟಿದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಆಗ ಮೇನ್ ಜೆಟ್ ಜೊತೆಗೆ ಫಿಲ್ಟರ್, ಪಂಪ್, ಟ್ಯಾಂಕಿನ ದಾರಿಯನ್ನೂ ನೋಡಬೇಕು. ಹೊತ್ತು ಗೊತ್ತಿಲ್ಲದೆ ಸದಾ ಕಪ್ಪು ಹೊಗೆ ಉಗುಳಿ ಪ್ಲಗ್ ಮಸಿ ಕಟ್ಟಿದರೆ ಸೂಜಿ ವಾಲ್ವ್ ಸೋರಿ ಓವರ್‌ಫ್ಲೋ ಆಗುತ್ತಿರಬಹುದು, ಇಲ್ಲವೇ ಚೋಕ್ ಪೂರ್ತಿ ತೆರೆಯದೆ ಸಿಕ್ಕಿಕೊಂಡಿರಬಹುದು.

ಹೈದರಾಬಾದಿನ ಬೇಸಿಗೆಯಲ್ಲಿ ಈ ಪ್ರಶ್ನೆಗೆ ಇನ್ನಷ್ಟು ಬೆಲೆ ಬರುತ್ತದೆ. ಮೇ ತಿಂಗಳ ಮಧ್ಯಾಹ್ನ ತಾಪಮಾನ 40 ಡಿಗ್ರಿ ದಾಟಿದಾಗ, ಪಂಜಾಗುಟ್ಟದ ಟ್ರಾಫಿಕ್‌ನಲ್ಲಿ ಇಂಚಿಂಚು ಸರಿಯುತ್ತಿದ್ದ ಅಂಬಾಸಡರ್ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದಂತೆ ಹೊರಡುತ್ತದೆ. ಲಕ್ಷಣ ಒಂದೇ, ಕಾರಣ ಮಾತ್ರ ಮೂರರಲ್ಲಿ ಯಾವುದೂ ಆಗಬಹುದು. ಮೊದಲನೆಯದು ವೇಪರ್ ಲಾಕ್. ಕಾದ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ, ಟ್ಯಾಂಕಿನಿಂದ ಪೆಟ್ರೋಲ್ ತರುವ ಪಂಪು ದ್ರವದ ಬದಲು ಗುಳ್ಳೆಗಳನ್ನು ಎಳೆಯುತ್ತದೆ, ಎಂಜಿನ್ ಹಸಿದು ಓಡುತ್ತಿರುವಾಗಲೇ ಸಾಯುತ್ತದೆ. ಎರಡನೆಯದು ಇದಕ್ಕೆ ತದ್ವಿರುದ್ಧ. ಅಂಬಾಸಡರಿನ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ಮತ್ತು ಹೊಗೆಯ ಮ್ಯಾನಿಫೋಲ್ಡ್ ಒಂದೇ ಪಕ್ಕದಲ್ಲಿವೆ. ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ನಿಲ್ಲಿಸಿದರೆ ಕೆಳಗಿನ ಕಾವಿಗೆ ಬಟ್ಟಲಿನ ಪೆಟ್ರೋಲ್ ಕುದಿದು ಎಂಜಿನ್ ಒಳಕ್ಕೆ ಇಳಿಯುತ್ತದೆ, ಆಗ ಹೊಟ್ಟೆ ತುಂಬಿ ಸ್ಟಾರ್ಟ್ ಆಗುವುದಿಲ್ಲ. ಮೂರನೆಯದಕ್ಕೂ ಪೆಟ್ರೋಲಿಗೂ ಸಂಬಂಧವೇ ಇಲ್ಲ: ಕಾದಾಗ ಕೈಕೊಡುವ ಕಾಯಿಲ್ ಅಥವಾ ಕಂಡೆನ್ಸರ್. ಗುರುತಿಸುವುದು ಕಷ್ಟವಲ್ಲ. ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತಿಗೆ ಗಾಡಿ ಎದ್ದರೆ ಮೊದಲನೆಯದು. ಬಾನೆಟ್ ಎತ್ತಿದೊಡನೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆದು, ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿಯದೆ ಒಮ್ಮೆಗೇ ಪೂರ್ತಿ ಒತ್ತಿ ಹಿಡಿದಾಗ ಸ್ಟಾರ್ಟ್ ಆದರೆ ಎರಡನೆಯದು. ಪ್ಲಗ್ಗಿಗೆ ಬರುವ ಕಿಡಿ ಸೊರಗಿದ್ದರೆ ಮೂರನೆಯದು. ಆದರೆ ಆವಿ ತುಂಬಿದ ಬಾನೆಟ್ಟಿನೊಳಗೆ ಕಿಡಿ ನೋಡಲು ಹೋಗದೆ, ವಾಸನೆ ಆರುವವರೆಗೆ ಕಾಯಲೇಬೇಕು. ಈ ಮೂರಕ್ಕೂ ಒಂದೇ ಮದ್ದು ಎಂದು ಕಾರ್ಬ್ಯುರೇಟರ್ ಬಿಚ್ಚಿ ತೊಳೆದರೆ, ಅಷ್ಟರಲ್ಲಿ ಗಾಡಿ ತಣ್ಣಗಾಗಿ ತಾನೇ ಸರಿಹೋಗಿ, ತೊಳೆದದ್ದರಿಂದಲೇ ಗುಣವಾಯಿತೆಂಬ ಸುಳ್ಳು ಸಾಕ್ಷಿ ಹುಟ್ಟುತ್ತದೆ. ಮರುದಿನ ಅದೇ ಸಿಗ್ನಲ್‌ನಲ್ಲಿ ಅದೇ ಕತೆ.

ಕಾರ್ಬ್ಯುರೇಟರ್ ತನಗೆ ಸಿಕ್ಕಿದ್ದನ್ನೇ ಎಂಜಿನ್ನಿಗೆ ಬಡಿಸುತ್ತದೆ. ಸಿಕ್ಕಿದ್ದು ಏನೆಂದು ತಿಳಿಯಲು ಒಂದು ಗಾಜಿನ ಬಾಟಲಿ ಸಾಕು. ಎಂಜಿನ್ ತಣ್ಣಗಿರುವಾಗ, ಬೆಂಕಿ ಬೀಡಿ ಹತ್ತಿರ ಸುಳಿಯದಂತೆ ನೋಡಿಕೊಂಡು, ಕಿಡಿ ಹಾರದಂತೆ ಇಗ್ನಿಷನ್ ಸಂಪರ್ಕ ತಪ್ಪಿಸಿ, ಕಾರ್ಬ್ಯುರೇಟರಿಗೆ ಬರುವ ಪೈಪನ್ನು ಬಾಟಲಿಗೆ ಇಳಿಬಿಟ್ಟು ಸೆಲ್ಫ್ ಹೊಡೆಯಬೇಕು. ಪಂಪು ಚೆನ್ನಾಗಿದ್ದರೆ ಪೆಟ್ರೋಲ್ ನಾಡಿ ಬಡಿದಂತೆ ಚಿಮ್ಮಿ ಚಿಮ್ಮಿ ಬೀಳುತ್ತದೆ. ತೊಟ್ಟಿಕ್ಕಿದರೆ ಪಂಪಿನ ಡಯಾಫ್ರಂ ಸೋತಿದೆ ಅಥವಾ ಫಿಲ್ಟರ್ ಕಟ್ಟಿದೆ. ಗುಳ್ಳೆ ಗುಳ್ಳೆಯಾಗಿ ಬಂದರೆ ಎಲ್ಲೋ ಪೈಪು ಬಿರುಕುಬಿಟ್ಟು ಗಾಳಿ ಎಳೆಯುತ್ತಿದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿದೊಡನೆ ಧಾರೆ ಚುರುಕಾದರೆ ಮುಚ್ಚಳದ ಉಸಿರುರಂಧ್ರ ಮುಚ್ಚಿಹೋಗಿದೆ. ಬಾಟಲಿಯನ್ನು ರಾತ್ರಿಯಿಡೀ ಮುಚ್ಚಿ ಸುರಕ್ಷಿತ ಜಾಗದಲ್ಲಿಟ್ಟು ಬೆಳಿಗ್ಗೆ ಬೆಳಕಿಗೆ ಹಿಡಿದರೆ ಉಳಿದದ್ದೂ ಕಾಣುತ್ತದೆ. ತಳದಲ್ಲಿ ಕೆಂಪು ಮಣ್ಣಿನಂಥ ತುಕ್ಕು, ಅದರ ಮೇಲೆ ಬೇರೆಯಾಗಿ ಹೊರಳುವ ನೀರಿನ ಪದರ. ಹೀಗಿದ್ದರೆ ಜೆಟ್ ಎಷ್ಟು ಸಲ ತೊಳೆದರೂ ವಾರದೊಳಗೆ ಮತ್ತೆ ಕಟ್ಟುತ್ತದೆ, ಏಕೆಂದರೆ ರೋಗ ಇರುವುದು ಟ್ಯಾಂಕಿನಲ್ಲಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ: ಇಷ್ಟೆಲ್ಲ ಪರೀಕ್ಷೆ ಯಾಕೆ, ಈಗಿನ ಎಥನಾಲ್ ಪೆಟ್ರೋಲೇ ಎಲ್ಲಕ್ಕೂ ಮೂಲವಲ್ಲವೇ? ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಹಳೆಯ ಕಾರುಗಳ ದೂರಿನಲ್ಲಿ ಹುರುಳಿದೆ. ಪೂರ್ತಿ ಉರಿಯಲು 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಹೊಸ ಕಾರಿನ ಕಂಪ್ಯೂಟರ್ ಇದನ್ನು ಅರಿತು ಹೆಚ್ಚು ಇಂಧನ ಬಿಡುತ್ತದೆ, ಕಾರ್ಬ್ಯುರೇಟರಿನ ಜೆಟ್ಟಿಗೆ ಆ ಅರಿವಿಲ್ಲ. ಲೆಕ್ಕ ಹಾಕಿದರೆ ಮಿಶ್ರಣ ಸುಮಾರು ಶೇಕಡಾ 8ರಷ್ಟು ತೆಳುವಾಗುತ್ತದೆ. ಹಳೆಯ ರಬ್ಬರ್ ಪೈಪು, ಡಯಾಫ್ರಂಗಳಿಗೂ ಎಥನಾಲ್ ಒಗ್ಗುವುದಿಲ್ಲ. ಅದು ನೀರನ್ನೂ ಹೀರುತ್ತದೆ. ಇವೆಲ್ಲ ನಿಜ. ಆದರೆ ಎಥನಾಲಿನ ಸಾಕ್ಷ್ಯಕ್ಕೂ ಒಂದು ಗುರುತಿದೆ, ಅದು ತೆಳುವಿನ ಕಡೆಯ ಸಾಕ್ಷ್ಯ: ಬಿಳಿಚಿದ ಪ್ಲಗ್, ಕಾರ್ಬ್ಯುರೇಟರಿನಿಂದ ಹಿಂದಕ್ಕೆ ಸಿಡಿಯುವ ಸದ್ದು, ಚೋಕ್ ತುಸು ಎಳೆದಾಗ ಸುಧಾರಿಸುವ ಓಟ. ಕಪ್ಪು ಹೊಗೆ ಉಗುಳುವ ಗಾಡಿಯಲ್ಲಿ ಎಥನಾಲನ್ನು ಹಳಿಯುವುದು ತಪ್ಪು ಮನೆಯ ಬಾಗಿಲು ತಟ್ಟಿದಂತೆ. ಎಷ್ಟು ಬೆರೆತಿದೆ ಎಂದು ಅನುಮಾನವಿದ್ದರೆ ಅಳತೆಯ ಗಾಜಿನ ಜಾಡಿಗೆ 20 ಮಿಲಿಲೀಟರ್ ನೀರು, 80 ಮಿಲಿಲೀಟರ್ ಪೆಟ್ರೋಲ್ ಹಾಕಿ ಕುಲುಕಿ ಬಿಟ್ಟು ನೋಡಬಹುದು. ಎಥನಾಲ್ ನೀರಿನ ಜೊತೆ ಕೆಳಗಿಳಿದು, ಶೇಕಡಾ 20 ಬೆರೆತಿದ್ದರೆ 20ರ ಗೆರೆಯಲ್ಲಿದ್ದ ತಳದ ಪದರ 35ರ ಆಸುಪಾಸಿಗೆ ಏರುತ್ತದೆ. ಇದು ಅಂದಾಜು ಅಳತೆ, ಆದರೆ ಊಹೆಗಿಂತ ಎಷ್ಟೋ ಮೇಲು. ಎಥನಾಲ್ ಕಾರಣವೆಂದು ಖಚಿತವಾದರೆ ಪರಿಹಾರವೂ ಖಚಿತ: ಎಥನಾಲ್ ತಡೆಯುವ ಪೈಪು, ಡಯಾಫ್ರಂ, ಒಂದು ಹಂತ ದೊಡ್ಡ ಮೇನ್ ಜೆಟ್, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಹಳಸಲು ಬಿಡದ ಪೆಟ್ರೋಲ್.

ಇನ್ನೊಂದು ಆಕ್ಷೇಪ ಅನುಭವದ ಹೆಸರಿನಲ್ಲಿ ಬರುತ್ತದೆ: ಪಳಗಿದ ಉಸ್ತಾದ್ ಸದ್ದು ಕೇಳಿಯೇ ಹೇಳುತ್ತಾನೆ, ಅವನಿಗೆ ಬಾಟಲಿ ಜಾಡಿ ಬೇಕೇ? ಆ ಕಿವಿಗೆ ನಮಸ್ಕಾರ ಸಲ್ಲಲೇಬೇಕು. ಆದರೆ ಅಂಥ ಉಸ್ತಾದ್ ಕಿವಿಗೊಡುವ ಮುನ್ನ ಮಾಲೀಕನನ್ನು ಕೇಳುವುದೂ ಇದನ್ನೇ: ಬೆಳಿಗ್ಗೆ ಹೀಗಾಗುತ್ತದೋ, ಬಿಸಿಯಾದ ಮೇಲೋ? ಚೋಕ್ ಎಳೆದರೆ ಸರಿಹೋಗುತ್ತದೋ, ಕೆಡುತ್ತದೋ? ಅವನ ಕಿವಿಯ ಹಿಂದಿರುವುದು ಸಾವಿರಾರು ಉತ್ತರಗಳ ನೆನಪು. ಆ ನೆನಪು ಇಲ್ಲದವರಿಗೆ ಬಾಟಲಿಯೇ ಕಿವಿ. ಹಾಗಾದರೆ ರಾಣಿಗಂಜ್‌ನ ಬಿಡಿಭಾಗದ ಅಂಗಡಿಯಲ್ಲಿ ಹೊಸ ಕಾರ್ಬ್ಯುರೇಟರನ್ನೇ ಕೊಂಡು ಕೂರಿಸಿದರೆ ಆಗದೇ ಎಂದು ಕೇಳುವವರೂ ಇದ್ದಾರೆ. ಥ್ರಾಟಲ್ ಕಂಬಿ ಸವೆದು ಗಾಳಿ ಎಳೆಯುತ್ತಿದ್ದರೆ ಬದಲಿಸುವುದೇ ಸರಿ. ಕಾರಣ ತಿಳಿಯದೆ ಬದಲಿಸಿದರೆ ಮಾತ್ರ ತುಕ್ಕು ತುಂಬಿದ ಟ್ಯಾಂಕು ಹೊಸ ಜೆಟ್ಟನ್ನೂ ಕಟ್ಟಿಸುತ್ತದೆ. ತಂತಿ ತೂರಿಸಿ ಜೆಟ್ ಶುಚಿ ಮಾಡುವುದು ಅದಕ್ಕಿಂತ ಕೆಟ್ಟದ್ದು. ಮೃದುವಾದ ಹಿತ್ತಾಳೆಯಲ್ಲಿ ಅಳೆದು ಕೊರೆದ ಆ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ಶಾಶ್ವತವಾಗಿ ಕೆಡುತ್ತದೆ.

ನಮ್ಮ ಹೊಸ ಕಾರುಗಳು 2000ದ ಆಸುಪಾಸಿನಲ್ಲಿ ಕಾರ್ಬ್ಯುರೇಟರ್ ಬಿಟ್ಟು, ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐಗೆ ಹೊರಳಿದವು. ಆಮೇಲೆ ಗ್ಯಾರೇಜಿಗೆ ಬಂದ ಹುಡುಗರಿಗೆ ಜೆಟ್, ಫ್ಲೋಟ್ ಕೈಯಲ್ಲಿ ಹಿಡಿದು ಕಲಿಯುವ ಅವಕಾಶ ಕಡಿಮೆ. 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂತು, ಒಳ್ಳೆಯದಾಯಿತು. ನೋಂದಣಿ ಕಾರನ್ನು ಕಾಗದದ ಮೇಲೆ ಉಳಿಸುತ್ತದೆ. ರಸ್ತೆಯ ಮೇಲೆ ಉಳಿಸುವುದು ಅದನ್ನು ಅರಿತ ಕೈ. ಆ ಅರಿವನ್ನು ಮುಂದಿನವರಿಗೆ ದಾಟಿಸಲು ಮಾಲೀಕರು ಮಾಡಬಹುದಾದ ಕೆಲಸ ಒಂದಿದೆ. ಗ್ಲೋವ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇಟ್ಟು, ಗಾಡಿ ಕೈಕೊಟ್ಟ ದಿನ ನಾಲ್ಕು ಸಾಲು ಬರೆದಿಡುವುದು: ಯಾವ ಹೊತ್ತು, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಸ್ಲೋನಲ್ಲೋ ಏರಿನಲ್ಲೋ, ಪೆಟ್ರೋಲ್ ಹಾಕಿಸಿ ಎಷ್ಟು ದಿನವಾಗಿತ್ತು. ಹೊಸ ಹುಡುಗನ ಕೈಗೆ ಸ್ಕ್ರೂಡ್ರೈವರ್ ಹೋಗುವ ಮೊದಲು ಆ ಪುಸ್ತಕ ಹೋಗಲಿ.